ಒಂಬತ್ತು ಗಂಟೆ, ಒಂದೂವರೆ ಗಂಟೆ

ಈಚೆ ಊರಿಗೂ ಆಚೆ ಊರಿಗೂ ನಡುವೆ ಎಷ್ಟು ದೂರ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಳೆಯಲು ಹೋದವರು ಒಬ್ಬೊಬ್ಬರು ಒಂದೊಂದು ಲೆಕ್ಕ ತಂದರು. ಆಮೇಲೆ ಅಳೆಯುವುದನ್ನೇ ಬಿಟ್ಟರು. ಎರಡು ಊರಿಗೂ ಒಂದೊಂದು ವಿಮಾನ ನಿಲ್ದಾಣ ಇತ್ತು. ಎರಡರ ನಡುವೆ ದಿನಕ್ಕೊಂದು ವಿಮಾನ ಹಗಲು ಹೊತ್ತಿನಲ್ಲಿ ಹಾರುತ್ತಿತ್ತು. ಅದಕ್ಕೆ ಒಂದೇ ಒಂದು ನಿಯಮ.

ಹೋಗುವವರು ದೂರ ಹೇಳಬೇಕು. ಅಲ್ಲಿ ಕಾಯುವವರೂ ದೂರ ಹೇಳಬೇಕು. ಇಬ್ಬರೂ ಹೇಳಿದ್ದು ಒಂದೇ ಆದರೆ ವಿಮಾನ ನೇರ ಆಚೆ ಊರಿಗೆ ಹೋಗುತ್ತದೆ. ಬೇರೆ ಬೇರೆಯಾದರೆ ನಡುವಿನ ನಿಲ್ದಾಣದಲ್ಲಿ ಇಳಿಸಿ ಹೋಗುತ್ತದೆ.

ಹೋಗುವವರು ನಿಲ್ದಾಣದ ಬಾಗಿಲಲ್ಲಿದ್ದ ನೀಲಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದರು. ಗುಮಾಸ್ತ ಕೇಳುತ್ತಿದ್ದ: "ಎಷ್ಟು ದೂರ? ಎಷ್ಟು ಹೊತ್ತು?" ಅವರು ಆಚೆ ಊರಿನ ಕಡೆ ಮುಖ ಮಾಡಿ ಮೂರು ಸಲ ಹೇಳುತ್ತಿದ್ದರು. ಅದೇ ಹೊತ್ತಿಗೆ ಆಚೆ ಊರಿನಲ್ಲಿ, ಬೂದು ಕೋಟು ತೊಟ್ಟ ಒಬ್ಬ, ಕಾಯುವವರ ಮನೆ ಬಾಗಿಲು ತಟ್ಟಿ ಕೇಳುತ್ತಿದ್ದ: "ಎಷ್ಟು ದೂರ? ಎಷ್ಟು ಹೊತ್ತು?" ಅವನಿಗೆ 'ಕೇಳುವವನು' ಎಂದೇ ಹೆಸರು. ಅಂಥ ಕೇಳುವವನು ಎರಡು ಊರಲ್ಲೂ ಇದ್ದ. ಬರುತ್ತಿರುವವರು ಯಾರೆಂದು ಅವನು ಹೇಳುತ್ತಿರಲಿಲ್ಲ. ಹೇಳಿದರೆ ಜನ ಮುಖ ನೋಡಿ ದೂರ ಹೇಳುತ್ತಾರೆಂದು ಹಾಗೆ ಮಾಡಿದ್ದರು.

ಬಹಳ ಜನಕ್ಕೆ ಇದರಿಂದ ತೊಂದರೆಯೇ ಆಗುತ್ತಿರಲಿಲ್ಲ. ಗಂಡ ನಾಲ್ಕು ಗಂಟೆ ಎಂದರೆ ಅಲ್ಲಿ ಹೆಂಡತಿಯೂ ನಾಲ್ಕು ಗಂಟೆ ಎನ್ನುತ್ತಿದ್ದಳು. ಮೊದಲೇ ಮಾತಾಡಿಕೊಳ್ಳಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ತಮಗೆ ಗೊತ್ತಿದ್ದ ದೂರವೇ ದೂರ ಎಂದು ಪ್ರತಿಯೊಬ್ಬರೂ ತಿಳಿದಿದ್ದರು.

ಈಚೆ ಊರಿನಲ್ಲಿ ರೇವಕ್ಕ ಎಂಬಾಕೆ ತಕ್ಕಡಿ ರಿಪೇರಿ ಮಾಡುತ್ತಿದ್ದಳು. ಒಂದು ಕಡೆ ವಾಲಿದ ತಕ್ಕಡಿಯನ್ನು ಅವಳ ಅಂಗಡಿಗೆ ತಂದರೆ, ಮುಳ್ಳನ್ನು ತಿದ್ದಿ ಸರಿಯಾಗಿ ನಡುವೆ ನಿಲ್ಲಿಸಿ ಕೊಡುತ್ತಿದ್ದಳು. ಒಂದು ಸಾಸಿವೆ ಕಾಳಿನಷ್ಟು ಹೆಚ್ಚು ಕಡಿಮೆಯಾದರೂ ಅವಳಿಗೆ ಆಗುತ್ತಿರಲಿಲ್ಲ. ಅವಳ ತಂಗಿ ತುಂಗೆ ಆಚೆ ಊರಿನಲ್ಲಿದ್ದಳು. ಹದಿನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

ತಾಯಿ ತೀರಿಕೊಂಡಾಗ ತುಂಗೆಗೆ ಆರು ವರ್ಷ, ರೇವಕ್ಕನಿಗೆ ಹದಿನೆಂಟು. ತಂಗಿಯನ್ನು ಸಾಕಿದವಳು ರೇವಕ್ಕನೇ. ತುಂಗೆಗೆ ಇಪ್ಪತ್ತಮೂರಾದಾಗ, ಆಚೆ ಊರಿನ ಗುರುಪಾದ ಎಂಬವನನ್ನು ಮದುವೆಯಾಗುತ್ತೇನೆ, ದಿನ ಗೊತ್ತಾಗಿದೆ ಎಂದಳು. ಮದುವೆಯಾಗುತ್ತೇನೆ ಎಂದಿದ್ದಕ್ಕೆ ರೇವಕ್ಕನಿಗೆ ಬೇಸರವಾಗಲಿಲ್ಲ. ದಿನ ಗೊತ್ತಾದ ಮೇಲೆ ಹೇಳಿದಳಲ್ಲ, ಅದು ನಾಟಿತು.

"ಹೋಗು. ಹೋದಮೇಲೆ ಇಲ್ಲಿ ನಿನಗೆ ಯಾರೂ ಇಲ್ಲ ಅಂತ ತಿಳ್ಕೋ," ಎಂದಿದ್ದಳು. ಹಾಗೆ ಹೇಳುತ್ತಲೇ ಬೆಳಗ್ಗೆ ಎದ್ದು ಅನ್ನ ಮಾಡಿ, ತುಪ್ಪ ಹಾಕಿ ಕಲಸಿ, ಬುತ್ತಿ ಕಟ್ಟಿ ಅವಳ ಚೀಲದ ಪಕ್ಕ ಇಟ್ಟಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತುಂಗೆ ಹೋದಳು.

ಈಗ ಹದಿನಾಲ್ಕು ವರ್ಷದ ಮೇಲೆ ತುಂಗೆಯ ಕಾಗದ ಬಂತು. ಗಂಟಲಲ್ಲಿ ಒಂದು ಗಡ್ಡೆ ಬೆಳೆದಿದೆ, ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಆಪರೇಷನ್, ಆಮೇಲೆ ಮಾತು ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ ಎಂದು ಬರೆದಿದ್ದಳು. ಕೊನೆಯ ಸಾಲು: "ಅಕ್ಕ, ಅದಕ್ಕೆ ಮುಂಚೆ ನಿನ್ನ ಹತ್ತಿರ ಮಾತಾಡಬೇಕು. ಬಾ."

ರೇವಕ್ಕ ಬುಧವಾರ ಅಂಗಡಿಗೆ ಬೀಗ ಹಾಕಿ ನಿಲ್ದಾಣಕ್ಕೆ ಹೋದಳು. ಚಪ್ಪಲಿ ಬಿಟ್ಟು ನೀಲಿ ಕಲ್ಲಿನ ಮೇಲೆ ನಿಂತಳು.

"ಎಷ್ಟು ದೂರ? ಎಷ್ಟು ಹೊತ್ತು?" ಎಂದ ಗುಮಾಸ್ತ.

"ಒಂಬತ್ತು ಗಂಟೆಯ ದಾರಿ," ಎಂದಳು ರೇವಕ್ಕ. "ಒಂಬತ್ತು ಗಂಟೆ. ಒಂಬತ್ತು ಗಂಟೆ."

ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಗುಮಾಸ್ತ ಚೀಟಿ ಬರೆದು ಕೊಟ್ಟ. ಅವಳು ಹತ್ತಿ ಕೂತಳು. ವಿಮಾನ ಮೇಲೇರಿತು. ಮೋಡ ಬಂತು, ಮೋಡ ಹೋಯಿತು, ಮತ್ತೆ ಮೋಡ ಬಂತು. ವಿಮಾನ ಇಳಿಯಿತು. ಬಾಗಿಲು ತೆಗೆದು ಅವಳೊಬ್ಬಳ ಹೆಸರನ್ನೇ ಕೂಗಿದರು.

ಅವಳು ಇಳಿದಳು. ನೋಡಿದರೆ ತನ್ನ ಊರಿನ ನಿಲ್ದಾಣದ ಹಾಗೇ ಇತ್ತು. ಅದೇ ಬಾಗಿಲು, ಅದೇ ಬೆಂಚು, ಬಾಗಿಲಲ್ಲಿ ಅದೇ ನೀಲಿ ಕಲ್ಲು. ತಿರುಗಿ ಅಲ್ಲಿಗೇ ಬಂದೆನೇ ಎಂದು ಗಾಬರಿಯಾದಳು. ಆದರೆ ಹೊರಗೆ ಊರೇ ಇರಲಿಲ್ಲ. ನಾಲ್ಕು ಕಡೆಯೂ ಬಯಲು, ಬಯಲ ತುದಿಗೆ ಆಕಾಶ. ಒಳಗೆ ಗೋಡೆ ತುಂಬ ಗಡಿಯಾರಗಳಿದ್ದವು, ಒಂದು ತೋರಿಸಿದ ಹೊತ್ತನ್ನು ಇನ್ನೊಂದು ತೋರಿಸುತ್ತಿರಲಿಲ್ಲ. ಬೆಂಚುಗಳ ಮೇಲೆ ಜನ ಬ್ಯಾಗು ಬಿಚ್ಚದೆ ಕೂತಿದ್ದರು. ಒಬ್ಬ ಹೆಂಗಸು ಜಡೆ ಹೆಣೆದು ಮುಗಿಸಿ, ಬಿಚ್ಚಿ, ಮತ್ತೆ ಹೆಣೆಯುತ್ತಿದ್ದಳು.

ಮೇಜಿನ ಹಿಂದೆ ಒಬ್ಬ ಮುದುಕ ಕೂತಿದ್ದ. ಅವನು ನಡುವಿನ ನಿಲ್ದಾಣದ ಗುಮಾಸ್ತ. ಬಹಳ ಹಿಂದೆ ಅಣ್ಣನನ್ನು ನೋಡಲು ಹೊರಟು, ಇಲ್ಲಿ ಇಳಿದು, ಕಾದು ಕಾದು ಕೆಲಸಕ್ಕೆ ಸೇರಿಕೊಂಡವನು.

"ನನ್ನ ಯಾಕೆ ಇಲ್ಲಿ ಇಳಿಸಿದ್ರಿ?" ಎಂದಳು ರೇವಕ್ಕ.

"ನೀವು ಒಂಬತ್ತು ಗಂಟೆ ಅಂದ್ರಿ. ಆ ಕಡೆಯವರು ಒಂದೂವರೆ ಗಂಟೆ ಅಂದ್ರು. ಕೂಡಲಿಲ್ಲ."

"ಒಂದೂವರೆ ಗಂಟೆನಾ? ಯಾರು ಹಾಗಂದೋರು?"

"ಕಾಯ್ತಿರೋರು."

"ಅವಳ ಲೆಕ್ಕ ತಪ್ಪು ಸ್ವಾಮಿ. ನಾನು ಅಳತೆ ಕೆಲಸದವಳು. ಒಂಬತ್ತು ಗಂಟೆ. ನಾನೇ ಎಣಿಸಿದ್ದೀನಿ."

"ಇಲ್ಲಿ ಕೂತಿರೋರೆಲ್ಲ ಎಣಿಸಿದೋರೇ ತಾಯಿ," ಎಂದ ಮುದುಕ. ಕನ್ನಡಕ ಮೇಲಕ್ಕೆ ಸರಿಸಿ ಅವಳ ಮುಖವನ್ನೇ ನೋಡಿದ. "ನಿಮ್ಮ ಮೂಗು ಎಲ್ಲೋ ನೋಡಿದ ಹಾಗಿದೆ. ಇದೇ ಮೂಗಿನ ಒಬ್ಬಳು ಎರಡು ಸಲ ಇಲ್ಲಿಗೆ ಬಂದಿದ್ದಳು. ಆಚೆ ಊರಿಂದ ಈಚೆ ಊರಿಗೆ ಹೊರಟವಳು. ಮೊದಲ ಸಲ ಹನ್ನೊಂದು ದಿನ ಆ ಬೆಂಚಿನ ಮೇಲೆ ಕೂತಿದ್ದಳು. ದಿನಕ್ಕೊಂದು ಸಲ ಕೇಳಬಹುದು ಅಂತ ನಿಯಮ. ಹನ್ನೊಂದು ದಿನವೂ ಕೇಳಿಸಿದಳು. ಹನ್ನೊಂದು ದಿನವೂ ಆ ಕಡೆಯಿಂದ ಒಂಬತ್ತು ಗಂಟೆ, ಒಂಬತ್ತು ಗಂಟೆ ಅಂತಲೇ ಬಂತು. ವಾಪಸ್ ಹೋದಳು. ಎರಡು ವರ್ಷ ಬಿಟ್ಟು ಮತ್ತೆ ಬಂದಳು. ಆಗ ಐದೇ ದಿನ ಇದ್ದಳು."

ರೇವಕ್ಕನಿಗೆ ನೆನಪಾಯಿತು. ಒಂದು ಸಲ ಬೂದು ಕೋಟಿನವನು ದಿನಾ ದಿನಾ ಅವಳ ಅಂಗಡಿ ಬಾಗಿಲಿಗೆ ಬಂದು ಒಂದೇ ಪ್ರಶ್ನೆ ಕೇಳಿದ್ದ. ತನ್ನನ್ನು ನೋಡಲು ಬರುವವರು ಯಾರೂ ಇಲ್ಲ, ಇದ್ಯಾವುದೋ ಜನಗಣತಿಯ ಹಾಗೆ ಸರ್ಕಾರದ ಕೆಲಸವೆಂದು ಅವಳು ತಿಳಿದಿದ್ದಳು. ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ, "ಒಂಬತ್ತು ಗಂಟೆ. ಅಳತೆ ದಿನಾ ಬದಲಾಗುತ್ತೇನ್ರೀ?" ಎಂದು ಗದರಿದ್ದಳು.

"ಅವಳು ನನಗೊಂದು ಫೋನು ಮಾಡಬಹುದಿತ್ತಲ್ಲ," ಎಂದಳು. ಹೇಳಿ ಮುಗಿಸುವ ಮೊದಲೇ ಇನ್ನೊಂದು ನೆನಪಾಯಿತು. ಆ ವರ್ಷಗಳಲ್ಲಿ ಅಂಗಡಿಯ ಫೋನು ಮೂರು ಸಲ ರಿಂಗಾಗಿತ್ತು. "ಅಕ್ಕಾ" ಎಂಬ ದನಿ ಕೇಳಿದ ಕೂಡಲೇ ಅವಳು ಮೂರು ಸಲವೂ ಇಟ್ಟುಬಿಟ್ಟಿದ್ದಳು.

ಅವಳು ಆ ಬೆಂಚನ್ನು ನೋಡಿದಳು. ಅಲ್ಲಿ ಬೇರೆ ಯಾರೋ ಕೂತಿದ್ದರು.

"ಇಲ್ಲಿಂದ ಫೋನು ಮಾಡಬಹುದಾ?"

"ಒಂದು ಸಲ," ಎಂದು ಮುದುಕ ಕರಿ ಫೋನನ್ನು ಅವಳ ಕಡೆ ತಳ್ಳಿದ.

ಆಚೆ ಊರಿನ ಆಸ್ಪತ್ರೆಗೆ ಕರೆ ಹೋಯಿತು. ಯಾರೋ ನರ್ಸು ಎತ್ತಿಕೊಂಡಳು, ಆಮೇಲೆ ಯಾರಿಗೋ ಕೊಟ್ಟಳು. ಒಂದು ಉಸಿರು ಕೇಳಿಸಿತು.

"ಅಕ್ಕಾ?"

ದನಿ ಗೊರಗೊರ ಎನ್ನುತ್ತಿತ್ತು. ಈ ಸಲ ರೇವಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಾಯಿಗೆ ಬಂದಿದ್ದು ಜಗಳದ ಮಾತೇ.

"ಒಂದೂವರೆ ಗಂಟೆ ಅಂತ ಯಾರೇ ನಿನಗೆ ಹೇಳಿದ್ದು?"

"ಯಾರೂ ಹೇಳಲಿಲ್ಲ. ನನಗೇ ಗೊತ್ತು. ನೀನು ಕಟ್ಟಿಕೊಟ್ಟ ಬುತ್ತಿ ಇತ್ತಲ್ಲ, ಅದನ್ನ ದಾರೀಲಿ ಬಿಚ್ಚಲಿಲ್ಲ. ಸಿಟ್ಟಿತ್ತು. ಇಲ್ಲಿ ಇಳಿದ ಮೇಲೆ ಗುರುಪಾದನ ಮುಂದೆ ಕೂತು ಬಿಚ್ಚಿದೆ. ಅನ್ನ ಬಿಸಿ ಇತ್ತಕ್ಕ. ಕೈ ಸುಡೋ ಅಷ್ಟು ಬಿಸಿ. ಬಟ್ಟೆಯೊಳಗಿನ ಬುತ್ತಿ ಎಷ್ಟು ಹೊತ್ತು ಬಿಸಿ ಇರುತ್ತೆ ನೀನೇ ಹೇಳು. ಹೆಚ್ಚಂದ್ರೆ ಒಂದೂವರೆ ಗಂಟೆ."

"ಅದು ಹೇಗೆ ಸಾಧ್ಯ? ವಿಮಾನ ಆಚೆ ಊರು ಮುಟ್ಟಿತು ಅಂತ ಹಲಗೆ ಮೇಲೆ ಬರೆಯೋವರೆಗೂ ನಾನು ಅಲ್ಲೇ ನಿಂತಿದ್ದೆ. ಬೆಳಗ್ಗೆಯಿಂದ ಸಂಜೆ ತನಕ. ಒಂಬತ್ತು ಗಂಟೆ."

"ಎಲ್ಲಿ ನಿಂತಿದ್ದೆ?" ಎಂದಳು ತುಂಗೆ.

"ನಿಲ್ದಾಣದಲ್ಲೇ. ಕಂಬದ ಹಿಂದೆ."

"ನೀನು ಬಂದಿದ್ದೆಯಾ? ನೀನು ಮನೇಲಿದ್ದೆ ಅಂದ್ಕೊಂಡಿದ್ದೆ ನಾನು."

"ನೀನು ತಿರುಗಿ ನೋಡಲಿಲ್ಲ."

"ನೀನಿದ್ದೀಯ ಅಂತ ನನಗೇನು ಗೊತ್ತು? ಹದಿನಾಲ್ಕು ವರ್ಷ..." ಅಲ್ಲಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ನರ್ಸಿನ ದನಿ ನಡುವೆ ಬಂತು: "ಸಾಕಮ್ಮ, ಇವರು ಮಾತಾಡೋ ಹಾಗಿಲ್ಲ." ಫೋನು ಸತ್ತುಹೋಯಿತು.

ಯಾವ ದೂರ ಹೇಳಬೇಕೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ರೇವಕ್ಕ ಮತ್ತೆ ಫೋನಿನ ಕಡೆ ಕೈ ಚಾಚಿದಳು. ಮುದುಕ ತಲೆ ಅಲ್ಲಾಡಿಸಿ ಅದನ್ನು ಬಟ್ಟೆಯಿಂದ ಮುಚ್ಚಿದ.

ಒಂದೇ ದಿನ, ಒಂದೇ ವಿಮಾನ. ಒಬ್ಬಳಿಗೆ ಬುತ್ತಿ ಆರುವುದಕ್ಕೂ ಮುಂಚೆ ಮುಟ್ಟಿತ್ತು, ಇನ್ನೊಬ್ಬಳಿಗೆ ಕಾಲು ಬಾತುಕೊಳ್ಳುವವರೆಗೆ ಮುಟ್ಟಿರಲಿಲ್ಲ. ಯಾರದು ಸುಳ್ಳು? ಸಾಸಿವೆ ಕಾಳಿನಷ್ಟೂ ತಪ್ಪು ತೂಗದ ರೇವಕ್ಕ ಎಷ್ಟು ಯೋಚಿಸಿದರೂ ಮುಳ್ಳು ಯಾವ ಕಡೆಗೂ ವಾಲಲಿಲ್ಲ, ನಡುವೆಯೂ ನಿಲ್ಲಲಿಲ್ಲ.

ಗುರುವಾರ ಬೆಳಗ್ಗೆ ಮುದುಕ ಅವಳನ್ನು ನೀಲಿ ಕಲ್ಲಿನ ಮೇಲೆ ನಿಲ್ಲಿಸಿದ. "ಎಷ್ಟು ದೂರ? ಎಷ್ಟು ಹೊತ್ತು?"

ರೇವಕ್ಕ ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿದಳು. ಬಟ್ಟೆಯ ಗಂಟಿನಿಂದ ಆವಿ ಏಳುವುದು ಕಾಣಿಸಿತು. ಹದಿನಾರು ದಿನ ಆ ಬೆಂಚಿನ ಮೇಲೆ ಕೂತವಳು ಕಾಣಿಸಿದಳು. ಹೋಗಲಿ, ಅವಳದ್ದೇ ಇರಲಿ ಎಂದುಕೊಂಡಳು.

"ಒಂದೂವರೆ ಗಂಟೆ," ಎಂದಳು. "ಒಂದೂವರೆ ಗಂಟೆ. ಒಂದೂವರೆ ಗಂಟೆ."

ಜೀವಮಾನದಲ್ಲಿ ಮೊದಲ ಸಲ, ತಾನು ಅಳೆಯದ ಅಳತೆಯನ್ನು ಹೇಳಿದ್ದಳು. ಹೇಳಿದ ಮೇಲೆ ಮೈ ಹಗುರಾಯಿತು. ಬ್ಯಾಗು ಕೈಗೆ ತೆಗೆದುಕೊಂಡು ನಿಂತಳು.

ಗೋಡೆಯಲ್ಲೊಂದು ಕೊಳವೆ ಇತ್ತು. ಆಚೆ ಊರಿನ ಕೇಳುವವನು ಕಳಿಸುವ ಚೀಟಿ ಅದರೊಳಗಿಂದ ಬೀಳುತ್ತಿತ್ತು. ಚೀಟಿ ಬಿತ್ತು. ಮುದುಕ ಬಿಚ್ಚಿ ಓದಿದ, ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಓದಿದ.

"ಏನಂತೆ?"

"ಒಂಬತ್ತು ಗಂಟೆ ಅಂದಿದ್ದಾರೆ."

"ಯಾರು?"

"ಕಾಯ್ತಿರೋರು. ನಿಮ್ಮ ತಂಗಿ."

ರೇವಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಲ್ಲಿನ ಮೇಲೇ ಕೂತಳು. ತಾನು ಅವಳದನ್ನು ಹೇಳಿದಾಗ ಅವಳು ತನ್ನದನ್ನು ಹೇಳಿದ್ದಳು. ಜಡೆ ಹೆಣೆಯುವ ಹೆಂಗಸು ಮೊದಲ ಸಲ ಕೈ ನಿಲ್ಲಿಸಿ ಈ ಕಡೆ ನೋಡಿದಳು. ಹೊರಗೆ ವಿಮಾನ ಎದ್ದು ಹೋಯಿತು.

"ಇದು ಮೊದಲಿನಷ್ಟೇ ವ್ಯತ್ಯಾಸ," ಎಂದ ಮುದುಕ ಬೆರಳು ಮಡಿಸುತ್ತ. "ಮೊದಲು ನೀವು ಒಂಬತ್ತು, ಅವರು ಒಂದೂವರೆ. ಈಗ ಅವರು ಒಂಬತ್ತು, ನೀವು ಒಂದೂವರೆ. ಏಳೂವರೆ ಗಂಟೆಯ ವ್ಯತ್ಯಾಸ ಹಾಗೇ ಇದೆ. ಆದರೆ ಇದು ಅದೇ ಅಲ್ಲ. ಅಲ್ವಾ? ನನಗೂ ತಿಳೀತಿಲ್ಲ ತಾಯಿ."

"ನಾಳೆ ಹತ್ತು ಗಂಟೆಗೆ ಅವಳನ್ನ ಒಳಗೆ ಕರ್ಕೊಂಡು ಹೋಗ್ತಾರೆ."

"ನಾಳೆ ಬೆಳಗ್ಗೆ ಇನ್ನೊಂದು ಸಲ ಕೇಳ್ತೀನಿ. ಸರಿಯಾಗಿ ಯೋಚನೆ ಮಾಡಿ ಹೇಳಿ."

ಅದೇ ಕಷ್ಟವಾಗಿದ್ದು. ನಾಳೆ ತಾನು ಮತ್ತೆ ಒಂದೂವರೆ ಎಂದರೆ, ತುಂಗೆ? ತಾನು ಸೋತಿದ್ದು ಅವಳಿಗೆ ಗೊತ್ತಾಗಿ ಅವಳೂ ಒಂದೂವರೆ ಎಂದರೆ ಸರಿ. ಆದರೆ ಅವಳು ಹಟದವಳು, ಅಕ್ಕನ ಮಾತೇ ನಿಲ್ಲಲಿ ಎಂದು ಒಂಬತ್ತನ್ನೇ ಹಿಡಿದರೆ? ಹಾಗಾದರೆ ತಾನು ಒಂಬತ್ತು ಎನ್ನಬೇಕು. ಅಷ್ಟರಲ್ಲಿ ಅವಳೂ ಇದನ್ನೇ ಯೋಚಿಸಿ ಒಂದೂವರೆಗೆ ಬಂದಿದ್ದರೆ? ರೇವಕ್ಕ ಬಯಲಿಗೆ ಹೋದಳು, ಬಂದಳು. ಮತ್ತೆ ಹೋದಳು, ಬಂದಳು. ಒಂಬತ್ತು ಎಂದು ಹೊರಟವಳು ಬಾಗಿಲಿಗೆ ಬರುವಷ್ಟರಲ್ಲಿ ಒಂದೂವರೆ ಎನ್ನುತ್ತಿದ್ದಳು. ಎರಡರ ನಡುವೆ, ಐದೂ ಕಾಲು ಗಂಟೆ ಎಂದುಬಿಡೋಣವೇ ಎಂದೂ ಅನ್ನಿಸಿತು. ಅದು ಯಾರ ಹೊತ್ತೂ ಅಲ್ಲವಲ್ಲ ಎಂದು ಬಿಟ್ಟಳು.

ಶುಕ್ರವಾರ ಬಂತು. ವಿಮಾನ ಬಂದು ಬಾಗಿಲು ತೆಗೆದು ನಿಂತಿತು. ಅದನ್ನು ಹಾರಿಸುವ ಹೆಂಗಸು ಕೆಳಗಿಳಿದು ಕಾಲು ಜಾಡಿಸಿಕೊಳ್ಳುತ್ತಿದ್ದಳು. ರೇವಕ್ಕ ಓಡಿಹೋಗಿ ಕೇಳಿದಳು: "ನೀವಾದರೂ ಹೇಳಿ ತಾಯಿ, ನಿಜವಾಗಿ ಎಷ್ಟು ಹೊತ್ತು?"

ಅವಳು ನಕ್ಕಳು. "ಇಪ್ಪತ್ತು ವರ್ಷದಿಂದ ಹಾರಿಸ್ತಿದ್ದೀನಿ, ಇದುವರೆಗೆ ಯಾರೂ ನನ್ನ ಕೇಳಿರಲಿಲ್ಲ. ನೆಲ ಕಂಡಾಗ ಇಳಿಸ್ತೀನಮ್ಮ. ನನಗೆ ಅಷ್ಟೇ ಗೊತ್ತಿರೋದು."

"ಕಲ್ಲಿನ ಮೇಲೆ ಬನ್ನಿ," ಎಂದು ಮುದುಕ ಕರೆದ. ಅವಳು ಹೋಗಿ ನಿಂತಳು. ಕಲ್ಲು ತಣ್ಣಗಿತ್ತು.

"ಎಷ್ಟು ದೂರ? ಎಷ್ಟು ಹೊತ್ತು?"

ಒಂಬತ್ತು ಎನ್ನಲು ಬಾಯಿ ತೆರೆದಳು, ಮುಚ್ಚಿದಳು. ಒಂದೂವರೆ ಎನ್ನಲು ತೆರೆದಳು, ಮುಚ್ಚಿದಳು. ತುಂಗೆ ಆರು ವರ್ಷದವಳಾಗಿದ್ದಾಗ, ತಾಯಿಯನ್ನು ಹೊತ್ತುಕೊಂಡು ಹೋದ ದಿನ, ಈಗ ನಾವು ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದಳು. ರೇವಕ್ಕನಿಗೂ ಆಗ ಗೊತ್ತಿರಲಿಲ್ಲ. ಈಗಲೂ ಗೊತ್ತಿರಲಿಲ್ಲ.

"ನನ್ನ ತಂಗಿ ಎಷ್ಟು ಹೇಳ್ತಾಳೋ ಅಷ್ಟು," ಎಂದಳು. "ತಂಗಿ ಹೇಳಿದಷ್ಟು. ತಂಗಿ ಹೇಳಿದಷ್ಟು."

"ಅದು ಹೊತ್ತಲ್ಲ ತಾಯಿ," ಎಂದ ಮುದುಕ. ಅಷ್ಟರಲ್ಲಿ ಕೊಳವೆಯಿಂದ ಚೀಟಿ ಬಿತ್ತು. ಬಿಚ್ಚಿ, ಮೊದಲು ತಾನೊಬ್ಬನೇ ಓದಿಕೊಂಡ. ಆಮೇಲೆ ಗಟ್ಟಿಯಾಗಿ ಓದಿದ.

"ಅಕ್ಕ ಹೇಳಿದಷ್ಟು. ಅಕ್ಕ ಹೇಳಿದಷ್ಟು. ಅಕ್ಕ ಹೇಳಿದಷ್ಟು."

ಬೆಂಚುಗಳ ಮೇಲಿದ್ದವರು ಎದ್ದು ಹತ್ತಿರ ಬಂದರು. ಮುದುಕ ರೇವಕ್ಕನ ಮಾತನ್ನೂ ಒಂದು ಚೀಟಿಯಲ್ಲಿ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ. "ಇವರು ಹೇಳಿದ್ದು ಅವರದು. ಅವರು ಹೇಳಿದ್ದು ಇವರದು. ಹಾಗಾದರೆ ಎರಡೂ ಒಂದೇ ಆಯ್ತು. ಆಯ್ತಲ್ಲ? ಆದರೆ ಎಷ್ಟು ಅಂತ ಬರೆಯಲಿ ನಾನು?" ನಿಯಮದ ಪುಸ್ತಕ ತೆಗೆದ. ಮೊದಲಿಂದ ಕೊನೆವರೆಗೆ ಬೆರಳಾಡಿಸಿದ. ಒಂದೇ ಇರಬೇಕು ಎಂದು ಬರೆದಿತ್ತು. ಎಷ್ಟು ಎಂದು ಗೊತ್ತಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ.

ಪ್ರಯಾಣದ ಚೀಟಿಯಲ್ಲಿ ದೂರದ ಮನೆ ಖಾಲಿ ಬಿಟ್ಟ. ಹೊತ್ತಿನ ಮನೆಯನ್ನೂ ಖಾಲಿ ಬಿಟ್ಟ. ಕೆಳಗೆ ಠಸ್ಸೆ ಒತ್ತಿದ. "ಹೋಗಿ ಬನ್ನಿ," ಎಂದ. "ಎಷ್ಟು ಹೊತ್ತಾಗುತ್ತೋ ನಾನು ಹೇಳಲಾರೆ."

ರೇವಕ್ಕ ಕಿಟಕಿಯ ಪಕ್ಕ ಕೂತಳು. ವಿಮಾನ ಮೇಲೇರಿತು. ಒಂದು ಲೋಟ ನೀರು ಕೊಟ್ಟರು, ಕುಡಿದಳು. ಮೋಡ ಬಂತು, ಮೋಡ ಹೋಯಿತು. ಲೋಟ ಹಿಂದಕ್ಕೆ ಕೊಡುವಷ್ಟರಲ್ಲಿ ಕೆಳಗೆ ನೆಲ ಕಾಣಿಸಿತು. ಹತ್ತು ಗಂಟೆಗೆ ಮುಂಚೆಯೇ ಬಂದೆ ಎಂದು ಅವಳಿಗೆ ಖಚಿತವಾಗಿತ್ತು.

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ, ಗಡ್ಡ ಬೆಳೆದ ಒಬ್ಬ ಗೋಡೆಗೆ ಒರಗಿ ನಿಂತಿದ್ದ. ಅವಳ ಮುಖ ನೋಡಿ ನೆಟ್ಟಗಾದ.

"ಅಕ್ಕ ಅಲ್ವಾ? ನಾನು ಗುರುಪಾದ."

"ಒಳಗೆ ಕರ್ಕೊಂಡು ಹೋದ್ರೇನಪ್ಪ? ಇನ್ನೂ ಇಲ್ಲ ತಾನೆ?"

ಅವನು ಅವಳ ಕೈಯ ಬ್ಯಾಗು ತೆಗೆದುಕೊಂಡ. "ಅಕ್ಕ, ಆಪರೇಷನ್ ಆಗಿ ಒಂಬತ್ತು ದಿನ ಆಯ್ತು. ಇವತ್ತು ಭಾನುವಾರ. ದಿನಾ ಚೀಟಿಯಲ್ಲಿ ಬರೆದು ಕೇಳ್ತಿದ್ದಳು, ಅಕ್ಕ ಬಂದಳಾ ಅಂತ. ನಿಲ್ದಾಣಕ್ಕೆ ಹೋಗಿ ವಿಚಾರಿಸಿದೆ. ಹೊರಟಿದ್ದಾರೆ, ದಾರಿಯಲ್ಲಿದ್ದಾರೆ ಅಂತ ಮಾತ್ರ ಹೇಳಿದರು."

"ನಾನು ಈಗಷ್ಟೇ ಹತ್ತಿದ್ದು," ಎಂದಳು ರೇವಕ್ಕ. "ಒಂದು ಲೋಟ ನೀರು ಕುಡಿದೆ, ಅಷ್ಟೇ." ತಂಗಿ ತನಗೆ ಹೇಳಬೇಕೆಂದಿದ್ದ ಮಾತನ್ನು ಕೇಳದೆಯೇ ಕಳೆದುಕೊಂಡಿದ್ದಳು. ಎಲ್ಲಿ ಕಳೆದಳು ಎಂದು ಮಾತ್ರ ಗೊತ್ತಾಗಲಿಲ್ಲ. "ಮಾತು?"

"ಇನ್ನೂ ಬಾಯಿ ಬಿಡಬಾರದು ಅಂದಿದ್ದಾರೆ. ಮಂಗಳವಾರ ಪಟ್ಟಿ ಬಿಚ್ತಾರೆ. ಆಗ ನೋಡಬೇಕು."

ಒಳಗೆ ತುಂಗೆ ಕುತ್ತಿಗೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮಲಗಿದ್ದಳು. ಇಪ್ಪತ್ತಮೂರು ವರ್ಷದ ಮುಖವನ್ನು ಹುಡುಕುತ್ತ ಬಂದ ರೇವಕ್ಕ ಮೂವತ್ತೇಳರ ಮುಖದ ಮುಂದೆ ಒಂದು ಗಳಿಗೆ ಗೊಂದಲದಲ್ಲಿ ನಿಂತಳು. ತುಂಗೆ ಕಣ್ಣು ಬಿಟ್ಟಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ನರ್ಸು ಬೆರಳೆತ್ತಿ ಗದರಿದಳು. ತುಂಗೆ ಮಲಗಿದಲ್ಲೇ ಗೋಡೆಯ ಕಡೆಗೆ ಸರಿದು, ಮಂಚದ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ರೇವಕ್ಕ ಕೂತಳು.

ಭಾನುವಾರ ಕೂತಳು. ಸೋಮವಾರ ಕೂತಳು. ತಲೆ ಬಾಚಿದಳು, ಕಾಲು ಒತ್ತಿದಳು, ಗಂಜಿ ಆರಿಸಿ ಚಮಚದಲ್ಲಿ ಕುಡಿಸಿದಳು. ಮಾತಾಡಲು ಬರುವವಳು ಅವಳೊಬ್ಬಳೇ ಆದರೂ ಅವಳೂ ಏನೂ ಮಾತಾಡಲಿಲ್ಲ. ಆ ಮೌನ ಒಳ್ಳೆಯದೋ ಕೆಟ್ಟದ್ದೋ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಮಂಗಳವಾರ ಬೆಳಗ್ಗೆ ಡಾಕ್ಟರು ಬಂದು ಪಟ್ಟಿ ಬಿಚ್ಚಿದರು. ಕುತ್ತಿಗೆಯಲ್ಲಿ ಕೆಂಪು ಗೆರೆಯೊಂದು ಉಳಿದಿತ್ತು. "ಏನಾದರೂ ಹೇಳಿ ನೋಡಿ," ಎಂದು ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಗುರುಪಾದ ಮಂಚದ ಕಂಬಿ ಹಿಡಿದುಕೊಂಡ. ರೇವಕ್ಕ ತಂಗಿಯ ಬಾಯನ್ನು ನೋಡಲಾರದೆ ನೆಲ ನೋಡುತ್ತ ಕೂತಳು.

ಆಗ ಯಾರೋ ಮಾತಾಡಿದರು. ದಪ್ಪ ದನಿ, ಒಡೆದ ದನಿ, ಮರಳಿನ ಮೇಲೆ ಏನನ್ನೋ ಎಳೆದುಕೊಂಡು ಹೋದ ಹಾಗೆ. ಆ ದನಿಯನ್ನು ರೇವಕ್ಕ ಎಂದೂ ಕೇಳಿರಲಿಲ್ಲ. ಕೋಣೆಗೆ ಯಾರು ಬಂದರೆಂದು ಹಿಂದಕ್ಕೆ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಅಲ್ಲೇನು ನೋಡ್ತೀಯ? ನಿನಗೇ ಹೇಳಿದ್ದು," ಎಂದಿತು ಆ ದನಿ. "ಆ ಕಿಟಕಿ ಮುಚ್ಚಕ್ಕ. ಆಗಿನಿಂದ ಬಿಸಿಲು ಕಣ್ಣಿಗೆ ಹೊಡೀತಾ ಇದೆ."

ರೇವಕ್ಕ ಎದ್ದಳು. ಎಲ್ಲಿದ್ದೇನೆ, ಇದು ಯಾವ ದಿನ, ಮಾತಾಡುತ್ತಿರುವವಳು ಯಾರು ಎಂದು ಒಂದು ಕ್ಷಣ ಯಾವುದೂ ಹೊಳೆಯಲಿಲ್ಲ. ಹೋಗಿ ಕಿಟಕಿ ಮುಚ್ಚಿದಳು.